ಕ್ರಿಸ್ತನ ದೇಹದಲ್ಲಿ ರ‍್ಯಾಂಕ್ ಪಟ್ಟಿ ಇಲ್ಲ
(ಅಕ್ಟೋಬರ್ 1, ಬಾಲಯೇಸುವಿನ ಸಂತ ತೆರೇಸಳ ಹಬ್ಬದ ಪ್ರಬೋಧನೆ)



ನಮ್ಮ ವಿಜಯನಗರದಲ್ಲಿ ಮೆಟ್ರೊ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಕೋಚಿಂಗ್ ಕೇಂದ್ರಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಐಎಎಸ್, ಕೆಎಎಸ್, ಪಿಎಸ್‌ಐ! ನಾಡಿನ ಮೂಲೆಮೂಲೆಗಳಿಂದ ಬಂದ ಯುವಕ ಯುವತಿಯರು ಇಲ್ಲಿನ ಪೀಜಿಗಳಲ್ಲಿದ್ದು ಹಗಲಿರುಳು ಓದುತ್ತಾರೆ. 2024ರಲ್ಲಿ ಕೆಪಿಎಸ್‌ಸಿ ಕರೆದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು 384. ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ಅಂದರೆ ಸಾವಿರ ಮಂದಿಯಲ್ಲಿ ಇಬ್ಬರಿಗೂ ಹುದ್ದೆಯಿಲ್ಲ. ಹಾಗಾದರೆ ಉಳಿದವರೆಲ್ಲ ಯಾರು? ಸೋತವರೇ?

ಓದುವುದು ತಪ್ಪಲ್ಲ. ದೇವರು ಕೊಟ್ಟ ತಲೆಂತನ್ನು ಮಣ್ಣಿನಲ್ಲಿ ಹೂತಿಡಬೇಕೆಂದು ಯೇಸುಸ್ವಾಮಿ ಹೇಳಲಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಾನು ಯಾರೂ ಅಲ್ಲ ಎಂಬ ಭಾವನೆ ಬಂದಾಗ ಅಪಾಯ ಶುರುವಾಗುತ್ತದೆ. "ಏನಾಯ್ತಪ್ಪಾ?" ಎಂದು ಯಾರಾದರೂ ಕೇಳಿಬಿಟ್ಟಾರೆಂದು ಹೆದರಿ ಕೆಲವರು ಹಬ್ಬಕ್ಕೂ ಊರಿಗೆ ಹೋಗುವುದಿಲ್ಲ. ಕೆಲವರು ಪೂಜೆಗೂ ಬರುವುದನ್ನು ಬಿಡುತ್ತಾರೆ.

ಇಂದಿನ ಹಬ್ಬದ ಸಂತಳನ್ನು ನೋಡಿ. ಫ್ರಾನ್ಸ್ ದೇಶದ ತೆರೇಸ 1888ರಲ್ಲಿ, ತನ್ನ 15ನೇ ವಯಸ್ಸಿನಲ್ಲಿ ಲಿಸಿಯು ಪಟ್ಟಣದ ಕಾರ್ಮೆಲ್ ಮಠ ಸೇರಿದಳು. 1897ರಲ್ಲಿ, 24ನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಅವಳಿಗೂ ಮಹದಾಸೆಗಳಿದ್ದವು: ಗುರುವಾಗಬೇಕು, ಮಿಷನರಿಯಾಗಬೇಕು, ರಕ್ತಸಾಕ್ಷಿಯಾಗಬೇಕು. ಯಾವುದೂ ಕೈಗೂಡಲಿಲ್ಲ. 1896ರಲ್ಲಿ ಅವಳು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ ತೆರೆದಳು. ದೇಹ ಒಂದು, ಅಂಗಗಳು ಹಲವು ಎಂಬ ಅಧ್ಯಾಯದಲ್ಲಿ ತಾನು ಯಾವ ಅಂಗವೆಂದು ಹುಡುಕಿದಳು, ಸಿಗಲಿಲ್ಲ. ಮುಂದಿನ ಅಧ್ಯಾಯದಲ್ಲಿ ಉತ್ತರ ಸಿಕ್ಕಿತು. ಈ ದೇಹಕ್ಕೊಂದು ಹೃದಯವಿದೆ, ತಾಯಿ ಧರ್ಮಸಭೆಯ ಹೃದಯದಲ್ಲಿ ಪ್ರೀತಿಯಾಗಿ ಇರುವುದೇ ತನ್ನ ಕರೆ ಎಂದು ಅವಳು ಕಂಡುಕೊಂಡಳು.

ಆ ಪ್ರೀತಿ ಬರಿಯ ಮಾತಾಗಿರಲಿಲ್ಲ. ನಡೆಯಲಾರದ, ಸದಾ ಗೊಣಗುವ ಒಬ್ಬ ವೃದ್ಧ ಸಹೋದರಿಯನ್ನು ಸಂಜೆಯ ಹೊತ್ತು ಹುಷಾರಾಗಿ ಊಟದ ಮನೆಗೆ ನಡೆಸಿಕೊಂಡು ಹೋಗಿ, ಅವಳ ರೊಟ್ಟಿಯನ್ನು ಕತ್ತರಿಸಿ ಕೊಡುತ್ತಿದ್ದಳು. ಚೀನಾಕ್ಕೆ ಹೊರಟ ಯುವ ಗುರು ರೊಲ್ಲಾನ್ ಅವರಿಗಾಗಿ ಪ್ರಾರ್ಥಿಸಿ, ಪತ್ರ ಬರೆಯುತ್ತಿದ್ದಳು. ಅವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯವರು. ನಮ್ಮ ಮೈಸೂರು, ಬೆಂಗಳೂರುಗಳಲ್ಲಿ ಸೇವೆ ಸಲ್ಲಿಸಿದ ಅನೇಕ ಗುರುಗಳೂ ಅದೇ ಸಂಸ್ಥೆಯವರು.

ಅವಳ ಕೊನೆಯ ದಿನಗಳಲ್ಲಿ ಮಠದ ಒಬ್ಬ ಸಹೋದರಿ, ಈಕೆಯ ಬಗ್ಗೆ ಬರೆಯಲು ಏನಿದೆ, ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲವಲ್ಲ ಎಂದಳಂತೆ. ಮಠದ ಗೋಡೆ ದಾಟದ ಅವಳನ್ನೇ ಧರ್ಮಸಭೆ 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಜೊತೆ ಮಿಷನ್‌ಗಳ ಪಾಲಕಿಯೆಂದು ಘೋಷಿಸಿತು. 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದು ಗೌರವಿಸಿತು.

ಪ್ರಿಯರೇ, ಜ್ಞಾನಸ್ನಾನದ ದಿನ ನಮ್ಮ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ಅಂದು ಸಿಕ್ಕ ಸ್ಥಾನವನ್ನು ಯಾವ ಫಲಿತಾಂಶವೂ ಕಿತ್ತುಕೊಳ್ಳಲಾರದು. ಆದರೆ ಅದು ಆ ಹುಡುಗನಿಗೆ ಗೊತ್ತಾಗುವುದು ಹೇಗೆ? ನಮ್ಮಿಂದಲೇ ಗೊತ್ತಾಗಬೇಕು. ಪೂಜೆ ಮುಗಿದು ಹೊರಬಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಎಷ್ಟು ಪರ್ಸೆಂಟು? ಯಾವ ಕಂಪನಿ? ಸಂಬಳ ಎಷ್ಟು?" ಇಲ್ಲೂ ನಾವು ರ‍್ಯಾಂಕ್ ಪಟ್ಟಿಯನ್ನೇ ತೂಗುಹಾಕಿದರೆ ದೇವಾಲಯಕ್ಕೂ ಕೋಚಿಂಗ್ ಕೇಂದ್ರಕ್ಕೂ ಏನು ವ್ಯತ್ಯಾಸ?

ಈ ಭಾನುವಾರ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕುಳಿತ ಪೀಜಿ ಹುಡುಗನ ಹೆಸರು ಕೇಳಿ. ಮನೆಗೆ ಊಟಕ್ಕೆ ಕರೆಯಿರಿ. ನಿಮ್ಮ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನೆಯಲ್ಲಿ ಅವನಿಂದ ಒಂದು ವಾಚನ ಓದಿಸಿ. ನೆರೆಮನೆಯ ಅಜ್ಜಿಯನ್ನು ಪೂಜೆಗೆ ಕರೆತರುವ ಕೆಲಸವನ್ನು ಅವನಿಗೆ ವಹಿಸಿ. ತಾನು ಬೇಕಾದವನು ಎಂದು ತಿಳಿದವನು ಸೋತರೂ ಕುಸಿಯುವುದಿಲ್ಲ. ಗೆದ್ದರೆ, ಗೆಲುವನ್ನು ತನಗೊಬ್ಬನಿಗೇ ಇಟ್ಟುಕೊಳ್ಳುವುದಿಲ್ಲ.

ಇದೀಗ ಒಂದೇ ರೊಟ್ಟಿಯಲ್ಲಿ ನಾವೆಲ್ಲರೂ ಪಾಲುಗಾರರಾಗಲಿದ್ದೇವೆ. ಆಫೀಸರನಿಗೆ ದೊಡ್ಡ ತುಂಡು, ಫೇಲಾದವನಿಗೆ ಚಿಕ್ಕದು ಎಂಬುದಿಲ್ಲ. ಸಂತ ತೆರೇಸಳ ಪ್ರಾರ್ಥನೆಯ ಮೂಲಕ, ಒಬ್ಬರಿಗೊಬ್ಬರು ಅಂಗಗಳಾಗಿ ಬಾಳುವ ವರವನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.