ಗೂಬೆಯ ಮೇಲೆ ಕೂರಿಸಿದ ಗೂಬೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಏನು ಮಾತಾಡುತ್ತೀರಿ ಎಂದು ಸಮಿತಿಯವರು ಕೇಳಿದಾಗ ಗೂಬೆಯ ಬಗ್ಗೆ ಎಂದೆ. "ಶುಭ ಸಮಾರಂಭದಲ್ಲಿ ಅದ್ಯಾಕಪ್ಪಾ?" ಎಂದರು. ಆ ಪ್ರಶ್ನೆಗೆ ಉತ್ತರವೇ ನನ್ನ ಮಾತು. ಮಾಡದ ತಪ್ಪನ್ನು ಹೊರಿಸಿದರೆ "ನನ್ನ ಮೇಲೆ ಗೂಬೆ ಕೂರಿಸಬೇಡ" ಎನ್ನುತ್ತೇವೆ. ಆದರೆ ಗೂಬೆಯ ಮೇಲೆ ನಾವು ಕೂರಿಸಿದ ಗೂಬೆ ಎಷ್ಟೆಂದು ಯಾರೂ ಲೆಕ್ಕ ಇಟ್ಟಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಹಂಸಗಳಿಗೆ ಒಂದು ಸಾಲೇ ಸಿಕ್ಕಿದೆ. ಗೂಬೆಗೆ ಸಿಕ್ಕಿದ್ದು ಬೈಗುಳ ಮಾತ್ರ.

ಕೆಲವು ವರ್ಷಗಳಿಂದ ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ನಮ್ಮ ಸುತ್ತಮುತ್ತ ಗೂಬೆ ನೋಡುತ್ತಾ ಬಂದಿದ್ದೇನೆ. ರಾಗಿ ಕೊಯ್ಲಾಗಿ ಮೆದೆ ಒಟ್ಟಿದ ಮೇಲೆ ಇಲಿಗಳು ಅಲ್ಲಿ ಸೇರುತ್ತವೆ. ಇಲಿ ಇದ್ದಲ್ಲಿಗೆ ಗೂಬೆ ಬರುತ್ತದೆ. ಎಲ್ಲರಿಗೂ ಸುಲಭವಾಗಿ ಕಾಣುವುದು ಮೈತುಂಬ ಬಿಳಿ ಚುಕ್ಕೆಯ ಪುಟ್ಟ ಗೂಬೆ. ಕತ್ತಲಾಗುವ ಮೊದಲೇ ಜೋಡಿಯಾಗಿ ಕೂತು ಕಿಚಕಿಚ ಎಂದು ಜಗಳವಾಡುತ್ತದೆ. ಬುಡುಬುಡಿಕೆಯವರು ಹೇಳುವ ಹಾಲಕ್ಕಿ ಇದೇ ಎನ್ನುತ್ತಾರೆ. ಎರಡನೆಯದು ಕಣಜದ ಗೂಬೆ. ಅದಕ್ಕೆ ಬಿಳಿಯ, ವೀಳ್ಯದೆಲೆಯ ಆಕಾರದ ಮುಖ. ಹಳೆಯ ಕಟ್ಟಡದ ಸಂದಿ, ಮರದ ಪೊಟರೆ ಅದರ ಮನೆ. ಮೂರನೆಯದು ಬಂಡೆಗುಡ್ಡಗಳ ಕೊಂಬಿನ ಗೂಬೆ. ಅದರ ಕೊಂಬು ಕೊಂಬಲ್ಲ, ಎದ್ದು ನಿಂತ ಗರಿ. ಚಳಿಗಾಲದಲ್ಲೇ ಬಂಡೆಯ ಚಾಚಿನಲ್ಲಿ, ಬರಿ ನೆಲದ ಮೇಲೆ ಮೊಟ್ಟೆ ಇಡುವುದರಿಂದ ಅದಕ್ಕೆ ಅಪಾಯ ಹೆಚ್ಚು.

ಗೂಬೆ ನಮ್ಮನ್ನು ದಿಟ್ಟಿಸುತ್ತದೆ ಎಂದು ಹೆದರುತ್ತೇವೆ. ಅದರ ಕಣ್ಣುಗುಡ್ಡೆ ನಮ್ಮದರಂತೆ ಅತ್ತಿತ್ತ ಹೊರಳುವುದಿಲ್ಲ, ಅದಕ್ಕೇ ಕತ್ತನ್ನೇ ತಿರುಗಿಸುತ್ತದೆ. ನಮ್ಮ ಕತ್ತಿನಲ್ಲಿ 7 ಮೂಳೆ, ಅದರ ಕತ್ತಿನಲ್ಲಿ 14. ಕಣಜದ ಗೂಬೆಯ ಎರಡು ಕಿವಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇವೆ. ಸದ್ದು ಎರಡೂ ಕಿವಿಗೆ ತಲುಪುವ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲಿ ಇಲಿಯ ಜಾಗ ಗುರುತಿಸುತ್ತದೆ. ರೆಕ್ಕೆಯ ಅಂಚು ಮೃದುವಾದ್ದರಿಂದ ಹಾರುವಾಗ ಸದ್ದಿಲ್ಲ.

ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಗೂಬೆ ಕೂರುವ ಮರದ ಕೆಳಗೆ ಸಿಗುವ ಒಂದು ಉಂಡೆ ತಂದು, ಕೈಗವಸು ಹಾಕಿಸಿ, ಮಕ್ಕಳಿಂದ ಬಿಡಿಸಿ. ಒಳಗಿನ ಇಲಿಯ ಬುರುಡೆ ಕಂಡ ಮಗು ಮತ್ತೆ ಗೂಬೆಗೆ ಕಲ್ಲು ಹೊಡೆಯಲಾರದು.

ತೆಂಗು ಬೆಳೆಯುವ ನಮಗೆ ಇಲಿ ಕಾಟ ಗೊತ್ತಿಲ್ಲದ್ದೇನಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ ರೈತರು ಕಂಬದ ಮೇಲೆ ಮರದ ಪೆಟ್ಟಿಗೆ ಇಟ್ಟು ಕಣಜದ ಗೂಬೆಯನ್ನು ಕರೆಸಿಕೊಂಡಿದ್ದಾರೆ. ನಾವು ಅಂಗಡಿಯಿಂದ ಇಲಿ ಪಾಷಾಣ ತರುತ್ತೇವೆ. ಬ್ರೊಮಡಿಯೋಲೋನ್‌ನಂಥ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತಾ ಓಡಾಡುತ್ತದೆ. ಸುಲಭವಾಗಿ ಸಿಕ್ಕಿತೆಂದು ಗೂಬೆ ಅದನ್ನೇ ಹಿಡಿಯುತ್ತದೆ, ಮರಿಗೂ ಕೊಡುತ್ತದೆ. ಇಲಿ ಬೇಗ ಹೆಚ್ಚುತ್ತದೆ, ಗೂಬೆ ಹೆಚ್ಚುವುದಿಲ್ಲ. ಮುಂದಿನ ವರ್ಷ ಇನ್ನಷ್ಟು ಪಾಷಾಣ ತರಬೇಕಾಗುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಫೋಟೊ ತೆಗೆಯುವವರಿಗೆ ಎರಡು ಮಾತು. ಇಂಗ್ಲೆಂಡಿನ ಪ್ರಸಿದ್ಧ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಹತ್ತಿರ ಹೋಗಿ ಗೂಬೆಯ ಉಗುರಿಗೆ ಒಂದು ಕಣ್ಣು ಕಳೆದುಕೊಂಡರು. ಆದರೂ ಕ್ಯಾಮೆರಾ ಬಿಡಲಿಲ್ಲ, ಗೂಬೆಯನ್ನು ದ್ವೇಷಿಸಲೂ ಇಲ್ಲ. ಗೂಡಿನಿಂದ ದೂರ ಇರಿ. ಫ್ಲಾಶ್ ಹಾಕಬೇಡಿ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಇನ್ನೊಂದು ಗೂಬೆ ತನ್ನ ಜಾಗಕ್ಕೆ ಬಂತೆಂದು ಅದು ಮರಿ ಬಿಟ್ಟು ಹೊರಬರುತ್ತದೆ. ಸಂಜೆಯ ಬೆಳಕಿನಲ್ಲಿ ಸುಮ್ಮನೆ ಕೂತರೆ ಅದೇ ನಿಮ್ಮನ್ನು ನೋಡಲು ಬರುತ್ತದೆ.

ಮುಖ್ಯವಾಗಿ, ಗೂಬೆ ಎಲ್ಲಿದೆ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಮಾಟ ಮಂತ್ರಕ್ಕೆಂದು, ನಿಧಿ ತೋರಿಸುತ್ತದೆಂದು ಗೂಬೆ ಹಿಡಿದು ಮಾರುವ ದಂಧೆ ದೇಶದಲ್ಲಿದೆ. ದೀಪಾವಳಿಯ ಹೊತ್ತಿಗೆ ಅದು ಜೋರಾಗುತ್ತದೆ. ಲಕ್ಷ ಕೊಡುತ್ತೇವೆ ಎಂದು ಯಾರಾದರೂ ಹುಡುಗರಿಗೆ ಆಸೆ ತೋರಿಸಿದರೆ ನೆನಪಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಸಾಕುವುದು, ಮಾರುವುದು ಜೈಲಿಗೆ ಹೋಗುವ ಅಪರಾಧ. ಲಕ್ಷದ ಆಸೆ ತೋರಿಸಿದವನು ಪರಾರಿಯಾಗುತ್ತಾನೆ, ಸಿಕ್ಕಿಬೀಳುವವನು ನಮ್ಮೂರ ಹುಡುಗ.

ಐವತ್ತು ವರ್ಷದಲ್ಲಿ ಈ ಶಾಲೆ ನಮಗೆ ಅಕ್ಷರ ಕೊಟ್ಟಿದೆ, ಪ್ರಶ್ನೆ ಕೇಳುವುದನ್ನೂ ಕಲಿಸಿದೆ. ಗೂಬೆ ಕೂಗಿದರೆ ಸಾವು ಬರುತ್ತದೆ ಎಂದು ಯಾರಾದರೂ ಹೇಳಿದರೆ, ಮಕ್ಕಳೇ, "ಯಾರ ಸಾವು?" ಎಂದು ಕೇಳಿ. ಇಲಿಯದು ಎಂಬುದಕ್ಕೆ ಮರದ ಕೆಳಗೆ ಸಾಕ್ಷಿ ಬಿದ್ದಿರುತ್ತದೆ. ಒಣಗಿದ ಮರ ಕಡಿಯುವ ಮುನ್ನ ಪೊಟರೆಯಲ್ಲಿ ಮರಿ ಇದೆಯೇ ಎಂದು ಹಿರಿಯರು ಒಮ್ಮೆ ನೋಡಿ. ಇದ್ದರೆ ಅವು ಹಾರುವ ತನಕ ಕೊಡಲಿ ಕಾಯಲಿ.