ಗದ್ದಲದ ಬೇರು ಹುಡುಕಿದವರು



1836ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 12 ಅಡಿ ಉದ್ದ, ಅಗಲ, ಎತ್ತರದ ಕೋಣೆಯೊಂದನ್ನು ಕಟ್ಟಿಸಿ, ಲೋಹದ ಹಾಳೆ ಹೊದಿಸಿ, ತಾವೇ ಒಳಹೊಕ್ಕರು. ಹೊರಮೈಯಲ್ಲಿ ವಿದ್ಯುತ್ ಕಿಡಿ ಹಾರುತ್ತಿದ್ದರೂ ಒಳಗಿನ ಎಲೆಕ್ಟ್ರೋಮೀಟರ್ ಅಲುಗಲಿಲ್ಲ. ಇಂದಿಗೂ ಸೂಕ್ಷ್ಮ ಅಳತೆ ಮಾಡುವವರು ಉಪಕರಣವನ್ನು ತಾಮ್ರದ ಜಾಲರಿಯೊಳಗಿಡುವುದು ಇದೇ ತತ್ವದ ಮೇಲೆ. ವಿದ್ಯುತ್ ಪೂರೈಕೆಯ ತಂತಿಗಳಿಂದ ಕಾಂತಕ್ಷೇತ್ರವಾಗಿ ನುಸುಳುವ 50 ಹರ್ಟ್ಸ್ ಗುಂಯ್‌ಕಾರಕ್ಕೆ ಮಾತ್ರ ತಾಮ್ರ ಸಾಲದು. ಅದಕ್ಕೆ ತಂತಿಗಳನ್ನು ಜಡೆಯಂತೆ ಹೊಸೆಯಬೇಕು.

ಹೊರಗಿನ ಗದ್ದಲವನ್ನೆಲ್ಲ ತಡೆದ ಮೇಲೂ ಉಳಿಯುವುದೇನು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಇದನ್ನೇ ಬೆನ್ನುಹತ್ತಿದರು. ಆಂಪ್ಲಿಫೈಯರ್‌ಗೆ ಬರಿಯ ರೆಸಿಸ್ಟರ್ ಜೋಡಿಸಿದರೂ ಗದ್ದಲ ಬರುತ್ತಿತ್ತು. ರೆಸಿಸ್ಟರನ್ನು ಯಾವ ವಸ್ತುವಿನಿಂದ ಮಾಡಿದ್ದರೂ ಅಷ್ಟೇ. ಲೆಕ್ಕಕ್ಕೆ ಬರುತ್ತಿದ್ದುದು ರೋಧ, ತಾಪಮಾನ ಮತ್ತು ಅಳೆಯುವ ಆವರ್ತನಗಳ ಹರವು. ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ ಕಾರಣ ವಿವರಿಸಿದರು: ಶಾಖದಿಂದಾಗಿ ಎಲೆಕ್ಟ್ರಾನ್‌ಗಳು ಎಡೆಬಿಡದೆ ಓಲಾಡುತ್ತಿರುತ್ತವೆ. 1928ರಲ್ಲಿ ಇಬ್ಬರ ಲೇಖನಗಳೂ ಪ್ರಕಟವಾದವು. ಕೋಣೆಯ ತಾಪಮಾನದಲ್ಲಿ ಒಂದು ಮೆಗಾಓಮ್ ರೆಸಿಸ್ಟರು, 10 ಕಿಲೋಹರ್ಟ್ಸ್ ಹರವಿನಲ್ಲಿ, ಸುಮಾರು 13 ಮೈಕ್ರೋವೋಲ್ಟ್ ಗದ್ದಲವನ್ನು ತಾನೇ ಹುಟ್ಟಿಸುತ್ತದೆ. ಈ ಶೋಧ ನನಗೆ ಬಹಳ ದೊಡ್ಡದೆನಿಸುತ್ತದೆ. ತಪ್ಪು ಉಪಕರಣದ್ದಲ್ಲ, ವಸ್ತುವಿನ ಸ್ವಭಾವವೇ ಹಾಗೆ ಎಂದು ತಿಳಿದ ಮೇಲೆ ದಾರಿಗಳೂ ಕಂಡವು: ತಂಪು ಮಾಡು, ಹರವು ಕಿರಿದಾಗಿಸು, ರೋಧ ಸರಿಯಾಗಿ ಆರಿಸು.

ಭೌತವಿಜ್ಞಾನಿ ರಾಬರ್ಟ್ ಡಿಕಿ ಎರಡನೇ ದಾರಿ ಹಿಡಿದರು. 1946ರಲ್ಲಿ ಅವರು ವಿವರಿಸಿದ, ಮೈಕ್ರೋವೇವ್ ವಿಕಿರಣ ಅಳೆಯುವ ಉಪಕರಣ ಸೆಕೆಂಡಿಗೆ 30 ಬಾರಿ ಆಂಟೆನಾದಿಂದ ತಿಳಿದ ತಾಪಮಾನದ ಆಕರಕ್ಕೂ, ಮತ್ತೆ ಆಂಟೆನಾಕ್ಕೂ ಬದಲಾಗುತ್ತಿತ್ತು. ಆ ತಾಳಕ್ಕೆ ಹೊಂದಿ ಏರಿಳಿಯುವುದನ್ನಷ್ಟೇ ಆಯ್ದು ಅಳೆದರು. ಇಂದು ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲೆಲ್ಲ ಕಾಣುವ ಲಾಕ್-ಇನ್ ಆಂಪ್ಲಿಫೈಯರ್ ನಡೆಯುವುದೂ ಈ ಉಪಾಯದಿಂದಲೇ.

ರೋಧದ ದಾರಿ ಜೀವಕೋಶದವರೆಗೂ ಹೋಯಿತು. ಜರ್ಮನಿಯ ಗೊಟಿಂಗೆನ್‌ನಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಕಪ್ಪೆಯ ಸ್ನಾಯುವಿಗೆ ಗಾಜಿನ ಪಿಪೆಟ್ ಒತ್ತಿ, ಕೋಶದ ಪೊರೆಯಲ್ಲಿ ಅಯಾನುಗಳು ಹಾಯುವ ಒಂದೇ ಚಾನೆಲ್ಲಿನ ಕೆಲವು ಪಿಕೋಆಂಪಿಯರ್ ವಿದ್ಯುತ್ತನ್ನು ಕಂಡರು. ಆದರೆ ಗಾಜಿಗೂ ಪೊರೆಗೂ ನಡುವಿನ ಸೋರಿಕೆ ಗದ್ದಲ ಎಬ್ಬಿಸುತ್ತಿತ್ತು. 1980ರಲ್ಲಿ ಶುಚಿಯಾದ ಪಿಪೆಟ್ಟಿನಿಂದ ಮೆಲ್ಲಗೆ ಹೀರಿದಾಗ ಪೊರೆ ಗಾಜಿಗೆ ಬಿಗಿಯಾಗಿ ಅಂಟಿತು. ರೋಧ ಗಿಗಾಓಮ್‌ಗಳಿಗೇರಿತು, ಸೋರಿಕೆಯ ಗದ್ದಲ ಇಳಿಯಿತು. ಚಾನೆಲ್ಲುಗಳು ಒಂದೊಂದಾಗಿ ತೆರೆದು ಮುಚ್ಚುವುದು ಸ್ಪಷ್ಟ ಮೆಟ್ಟಿಲುಗಳಾಗಿ ದಾಖಲಾಯಿತು. ಆ ಅಧ್ಯಯನಕ್ಕೆ 1991ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.