ಅಟ್ಟದ ಮೇಲಿನ ಕಾಯಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಮೊಹರಂ ಚಂದ್ರ ಕಂಡು ಹಿಜರಿ ಹೊಸ ವರ್ಷ ಶುರುವಾಗಿದೆ. ಇದಕ್ಕೆ ಪಟಾಕಿ ಇಲ್ಲ, ಕೇಕ್ ಇಲ್ಲ. ಕ್ರಿ.ಶ. 622ರಲ್ಲಿ ಪ್ರವಾದಿಯವರು (ಸ.ಅ.) ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷದಿಂದ ಈ ಲೆಕ್ಕ. ಹುಟ್ಟಿದೂರು ಬಿಟ್ಟು ಹೊರಟ ವರ್ಷದಿಂದ ಕಾಲ ಎಣಿಸುವವರು ನಾವು. ಆಶೂರಾ ಉಪವಾಸವೂ, ಕರ್ಬಲಾದ ನೆನಪೂ ಈ ತಿಂಗಳಲ್ಲೇ.

ಸಬ್ರ್ ಅಂದರೇನು ಅಂತ ನಮ್ಮ ತಿಪಟೂರು ಸೀಮೆಯವರಿಗೆ ಕಿತಾಬು ತೆರೆದು ಹೇಳಬೇಕಾಗಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು 12 ತಿಂಗಳು. ಕಿತ್ತು ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಮತ್ತೆ 8ರಿಂದ 12 ತಿಂಗಳು. ಅಲ್ಲಾಡಿಸಿ, ಒಳಗೆ ಗಿಟುಕಿನ ಸದ್ದು ಕೇಳಿದ ಮೇಲೆಯೇ ಸುಲಿಯುವುದು. ಅವಸರಕ್ಕೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಈ ತಾಳ್ಮೆ ಇರುವುದಿಲ್ಲ. ನನಗೂ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಗಣಿತದಲ್ಲಿ ಫೇಲಾದ ಹುಡುಗನೊಬ್ಬನಿಗೆ ತರಗತಿಯ ಎದುರಿಗೇ, "ನಿನಗೆ ಓದು ಹತ್ತಲ್ಲ, ಕಾಯಿ ಸುಲಿಯೋಕೆ ಹೋಗು" ಅಂದುಬಿಟ್ಟೆ. ಮಾರನೇ ದಿನ ಹೋದ. ಮತ್ತೆ ಶಾಲೆಗೆ ಬರಲಿಲ್ಲ. (ಕಾಯಿ ಸುಲಿಯುವುದು ಕೀಳು ಅಂತಲ್ಲ; ನಮ್ಮ ಅಬ್ಬಾ ಅದೇ ಕೆಲಸ ಮಾಡಿ ನನ್ನನ್ನು ಬಿ.ಎಡ್. ಓದಿಸಿದ್ದು.) ಈಗಲೂ ಸಂತೆಯಲ್ಲಿ ಸಿಕ್ಕರೆ ಅವನು ಸಲಾಂ ಹೇಳುತ್ತಾನೆ. ತಲೆ ತಗ್ಗಿಸುವವಳು ನಾನು.

ಆಮೇಲೊಂದು ಸಲ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ಮದುವೆ ಮಾಡಿಬಿಡೋಣ ಅಂತ ಮನೆಯವರು ಗಂಡು ನೋಡುತ್ತಿದ್ದ ಹುಡುಗಿಯ ಮನೆಗೆ ಹೋದೆ. ಬುದ್ಧಿ ಹೇಳಲಿಲ್ಲ. ಅವಳ ಅಮ್ಮಿಯ ಜೊತೆ ಅಕ್ಕಿ ಆರಿಸುತ್ತಾ ಕೂತೆ, ಎದ್ದು ಬಂದೆ. ಮಾರನೇ ದಿನವೂ ಅಷ್ಟೇ. ಮೂರನೇ ದಿನ ಹುಡುಗಿಯೇ ಪುಸ್ತಕ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಪೂರಕ ಪರೀಕ್ಷೆ ಪಾಸಾದಳು. ಇವತ್ತು ನರ್ಸ್ ಆಗಿದ್ದಾಳೆ, ಮಾಷಾ ಅಲ್ಲಾಹ್.

ದಾನಿಗಳಲ್ಲಿ ಒಂದು ವಿನಂತಿ. ಒಮ್ಮೆ ಫೇಲಾದ ಮಗುವಿನ ಅರ್ಜಿಯನ್ನು ಪಕ್ಕಕ್ಕಿಡಬೇಡಿ. ಚೆಕ್ ಕೊಟ್ಟ ಮೇಲೆ ಆ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಮಾರ್ಕ್ಸ್ ಕೇಳಬೇಡಿ.

ತಾಯಂದಿರೇ, ಫೇಲಾದ ಅಂಕಪಟ್ಟಿಯನ್ನೂ ನಾಚಿಕೆಯಿಲ್ಲದೆ ತನ್ನಿ. ಅರ್ಜಿ ತುಂಬಲು ಕಷ್ಟವಾದರೆ ಭಾನುವಾರ ಅಸರ್ ನಮಾಜಿನ ನಂತರ ಟ್ರಸ್ಟಿನ ಕಚೇರಿಯಲ್ಲಿ ನಾನಿರುತ್ತೇನೆ. ಮಕ್ಕಳನ್ನೂ ಕರೆತನ್ನಿ.